ಕೊಟ್ರೇಶರಿಗೆ ನಾಲ್ಕು ಬೀಗ

ಹರಪನಹಳ್ಳಿಯಲ್ಲಿ ಆರು ತಿಂಗಳು ಕಂಪ್ಯೂಟರ್ ಕಲಿತು ಕೊಟ್ಟೂರಿಗೆ ಮರಳಿದಾಗ, ಊರನ್ನು ಉದ್ಧರಿಸುವ ಹೊಣೆ ನನ್ನ ಮೇಲೆಯೇ ಇದೆ ಎಂಬ ವಿಷಯದಲ್ಲಿ ನನಗೆ ಕಿಂಚಿತ್ತೂ ಸಂಶಯವಿರಲಿಲ್ಲ. ಮೊದಲು ಸಿಕ್ಕವರು ಕಲ್ಯಾಣ ಮಂಟಪದ ಮಾಲೀಕ ಶರಣಪ್ಪ. ಯಾವ ದಿನ ಯಾರ ಲಗ್ನ ಎಂಬುದನ್ನು ಅವರು ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡುತ್ತಿದ್ದರು.

"ಇದಕ್ಕ ಭದ್ರತೆ ಎಲ್ಲೈತ್ರಿ? ಯಾರಾರ ಅಳಿಸಿಬಿಟ್ರ?" ಎಂದೆ.

"ಮತ್ತ ಬರೀತೀನ್ರಿ," ಎಂದರು.

ಇಂಥ ಅಜ್ಞಾನವನ್ನು ಸಹಿಸಲಾದೀತೆ? ಹಳೆಯ ಕಂಪ್ಯೂಟರೊಂದನ್ನು ತರಿಸಿ ಪ್ರೋಗ್ರಾಮ್ ಬರೆದೇಬಿಟ್ಟೆ. ಹೆಸರು ಒತ್ತಿದರೆ ಲಗ್ನದ ದಿನ ಬರಬೇಕು, ಅಷ್ಟೇ ಕೆಲಸ. ಆದರೆ ಅಷ್ಟನ್ನೇ ಬರೆದರೆ ಕಲಿತದ್ದಕ್ಕೆ ಬೆಲೆಯೇನು? ಒಂದರ ಹಿಂದೊಂದು ನಾಲ್ಕು ಪಾಸ್‌ವರ್ಡ್ ಇಟ್ಟೆ.

ತೊಡಕು ಶುರುವಾದದ್ದು ಹೆಸರಿನಿಂದ. ಊರ ದೇವರ ಹೆಸರೆಂದು ಕೊಟ್ಟೂರಿನಲ್ಲಿ ಮನೆಗೊಬ್ಬ ಕೊಟ್ರೇಶ. ಕೆಲವು ಮನೆಗಳಲ್ಲಿ ಇಬ್ಬರು! ಲಗ್ನಕ್ಕೊಂದು ನಂಬರು ಕೊಟ್ಟಿದ್ದರೆ ಮುಗಿಯುತ್ತಿತ್ತು. ನಾನು ಎಣ್ಣೆ ಅಂಗಡಿ ಕೊಟ್ರೇಶನಿಗೊಂದು ನಿಯಮ ಬರೆದೆ. ಅದು ಟೇಲರ್ ಕೊಟ್ರೇಶನನ್ನು ನುಂಗಿತು. ಅವನನ್ನು ಬಿಡಿಸಲು ಇನ್ನೊಂದು ನಿಯಮ. ಹೀಗೆ ಗಂಟಿನ ಮೇಲೆ ಗಂಟು ಬಿದ್ದು ನನ್ನ ಪ್ರೋಗ್ರಾಮ್ ನನಗೇ ತಿಳಿಯದಾಯಿತು. ಹೆಂಡತಿ ಗಿರಿಜಾಳಿಗೆ ಹೆಮ್ಮೆಯಿಂದಲೇ ಹೇಳಿದೆ: "ಬರೆದಾವಗ ತಿಳಿಯಂಗಿಲ್ಲ ಅಂದಮ್ಯಾಲ ಕಳ್ಳಗ ಏನು ತಿಳೀತೈತಿ?"

"ನನ್ನ ತಮ್ಮನ ಲಗ್ನಾನೂ ಅದರಾಗ ಐತ್ರಿ. ಹುಷಾರು!" ಎಂದಳು. ತಮ್ಮನ ಹೆಸರು? ಕೊಟ್ರೇಶ!

ಅವನ ಲಗ್ನಪತ್ರಿಕೆ ಹಂಚಿ ಮುಗಿಯುವ ಹೊತ್ತಿಗೆ ಎಣ್ಣೆ ಅಂಗಡಿಯವನ ಲಗ್ನ ಮಂಟಪ ಬಿಟ್ಟು ಹೆಣ್ಣಿನ ಊರಿಗೆ ಹೋಯಿತು. ಅದನ್ನು ರದ್ದು ಮಾಡಲು ಕುಳಿತ ಶರಣಪ್ಪ, ಪಾಸ್‌ವರ್ಡ್ ಕೇಳಿದಲ್ಲಿ ತಪ್ಪಿ 'ಕೊಟ್ರೇಶ' ಎಂದು ಒತ್ತಿದರಂತೆ. ನಾನೇ ಬರೆದ ಯಾವುದೋ ನಿಯಮ ಆ ಹೆಸರಿಗೆ ನಾಲ್ಕೂ ಬೀಗ ತೆರೆದುಕೊಟ್ಟಿತು! ಸಾಲದೆಂಬಂತೆ, ಊರಿನ ಅಷ್ಟೂ ಕೊಟ್ರೇಶರ ಲಗ್ನ ಒಟ್ಟಿಗೇ ರದ್ದಾಯಿತು. ನನ್ನ ಭಾಮೈದನ ದಿನ ಖಾಲಿ ಕಂಡದ್ದರಿಂದ ಶರಣಪ್ಪ ಅದನ್ನು ಹಡಗಲಿಯವರಿಗೆ ಕೊಟ್ಟುಬಿಟ್ಟರು.

ನಾನು ರಿಪೇರಿಗೆ ಕುಳಿತೆ. ಒಂದು ಸಾಲು ತೆಗೆದೆ. ಪರದೆಯ ಮೇಲೆ ಟೇಲರ್‌ಗೆ ಇಬ್ಬರು ಹೆಂಡಿರಾದರು. ಇನ್ನೊಂದು ತೆಗೆದೆ, ಕಂಪ್ಯೂಟರ್ ನನ್ನನ್ನೇ ಹೊರಗೆ ಹಾಕಿತು. ಈಗ 'ಕೊಟ್ರೇಶ' ಎಂದರೂ ತೆರೆಯಲೊಲ್ಲದು!

"ನಿಮ್ಮ ವಿದ್ಯಾ ತೋರ್ಸಾಕ ನನ್ನ ತಮ್ಮನ ಲಗ್ನಾನ ಬೇಕಾಗಿತ್ತೇನ್ರಿ?" ಎಂದು ಗಿರಿಜಾ ಅತ್ತೇಬಿಟ್ಟಳು. ನಾನು ನಾಚಿಕೆಯಿಂದ ಭೂಮಿಗಿಳಿದುಹೋದೆ.

ಕೊನೆಗೆ ಮಾವ ಓಡಾಡಿ, ಪರಿಚಯದ ಸಾಹುಕಾರರ ಮೆಕ್ಕೆಜೋಳದ ಗೋದಾಮು ಗುಡಿಸಿ ಅಲ್ಲಿಯೇ ಲಗ್ನ ಮಾಡಿದರು. ಮೈಕು ಕುಂಯ್ ಎಂದಾಗ ಸರಿಪಡಿಸೋಣವೆಂದು ಎದ್ದೆ. ಮೂರ್ನಾಲ್ಕು ಜನ ಓಡಿಬಂದು ಕೂರಿಸಿದರು. ಅಕ್ಷತೆ ಬಿದ್ದ ಮೇಲೆ ಮಾವ ಮೈಕು ಹಿಡಿದರು.

"ಗೋದಾಮು ಕೊಟ್ಟ ಸಾಹುಕಾರ್ರಿಗೆ ಶರಣು, ಅಡಿಗಿಯವ್ರಿಗೆ ಶರಣು. ಇನ್ನ ನಮ್ಮ ಅಳಿಯಂದ್ರು, ಇವತ್ತ ಏನೂ ಮುಟ್ಟದಂಗ ದೂರ ಕುಂತು ಭಾಳ ಸಹಕಾರ ಮಾಡ್ಯಾರ. ಅವ್ರಿಗೂ ಶರಣು!"

ಗೋದಾಮಿನ ತಗಡು ಹಾರಿಹೋಗುವಂತೆ ಚಪ್ಪಾಳೆ ಬಿತ್ತು. ನಾನು ಮಾಡಿದ ಯಾವ ಕೆಲಸಕ್ಕೂ ಅಷ್ಟು ಚಪ್ಪಾಳೆ ಇದುವರೆಗೆ ಬಿದ್ದಿಲ್ಲ.