ಆಲಿವ್ ಅವರ ಪವನುಗಳ ವಿಲೇವಾರಿ

ಫರ್ವಾನಿಯಾದ ನಮ್ಮ ಕನ್ನಡ ಬಳಗದ ನಿಯಮಾವಳಿಯ ಪ್ರಕಾರ, ಬೀಳ್ಕೊಡುಗೆಯ ಶಾಲು ಹೊದ್ದವರು ಕುವೈತಿನಲ್ಲಿ ಇರುವುದಿಲ್ಲ. ಎದುರಿಗೆ ಕೂತು ಚಾ ಕುಡಿಯುತ್ತಿದ್ದರೂ ಇರುವುದಿಲ್ಲ.

ಸುಮ್ಮನೆ ಮಾಡಿದ ನಿಯಮವಲ್ಲ ಇದು. ಹಿಂದೆ ಒಬ್ಬ ಮಹಾನುಭಾವರು ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲಾ ತಗೊಂಡು, ಕಣ್ಣೀರು ಹಾಕಿ ಭಾಷಣ ಮಾಡಿ, ಮಾರನೇ ವಾರ ವೀಸಾ ಕೊಡಿಸುವ ಬೇರೆ ಕಫೀಲನನ್ನು ಹಿಡಿದು ಇಲ್ಲೇ ಉಳಿದುಬಿಟ್ಟರು. ಆಮೇಲೆ ಮೂರು ಯುಗಾದಿಯ ಹೋಳಿಗೆ ತಿಂದು, ಹೊರಡುವಾಗ ಇನ್ನೊಂದು ಶಾಲು ಕೇಳಿದರು. ಅವತ್ತೇ ಈ ನಿಯಮ ಬಂತು. ಅದರ ಬೆನ್ನಿಗೇ ಇನ್ನೊಂದು: ಶಾಲು ಹೊದ್ದ ಮೇಲೆ ಮನೆಯಲ್ಲಿ ಉಳಿದ ಸಾಮಾನೆಲ್ಲ ಬಳಗದ್ದು.

ನಮ್ಮ ಎದುರುಮನೆ ಆಲಿವ್ ನರ್ಸು ಕೆಲಸ ಮುಗಿಸಿ ಮಂಗಳೂರಿಗೆ ಹೊರಟಿದ್ದಳು. ಅಲ್ಲಿ ಮಗಳು ಲೊರೈನಳ ಮದುವೆ. ಸೋಮವಾರ ಶಾಲು ಹೊದಿಸಿದ್ದಾಯ್ತು, ವಿಮಾನ ಶನಿವಾರ. ಮಂಗಳವಾರ ಬಳಗದವರು ಅವಳ ಮನೆ ಖಾಲಿ ಮಾಡೋಕೆ ಹೋದರು. ನನ್ನ ಮಗ ನಿತೇಶ ಬಳಗದ ಕಾರ್ಯದರ್ಶಿ, ಹಾಗಾಗಿ ನಾನೂ ಸೌಟು ಹಿಡಕೊಂಡು ಹೋಗಿ ಫ್ರೀಜರಿನ ಐಸು ಕೆರೆಯುತ್ತಾ ಕೂತೆ. ಬಂಗುಡೆ ಮೀನಿನ ಪೊಟ್ಟಣದ ಅಡಿಯಲ್ಲೊಂದು ಹಾಲಿನಪುಡಿ ಡಬ್ಬಿ. ಅದರೊಳಗೆ ಐದು ಹಳೇ ಬಂಗಾರದ ನಾಣ್ಯ. ಒಂದೊಂದರ ಮೇಲೂ ಗಡ್ಡದ ವಿಲಾಯತಿ ರಾಜ, ಚಳಿಗೆ ಮುಖ ಸಿಂಡರಿಸಿಕೊಂಡು ಕೂತಿದ್ದ.

"ಯೇ ದೇವಾ, ನನ್ನ ಅತ್ತೆಯ ಪವನು!" ಆಲಿವ್ ಓಡಿ ಬಂದಳು. "ಕಳ್ಳರಿಗೆ ಸಿಗ್ಬಾರ್ದು ಅಂತ ಇಟ್ಟದ್ದು, ನಂಗೇ ಮರ್ತುಹೋಗಿತ್ತು ಮಾರಾಯ್ರೆ! ಲೊರೈನ್‌ಳ ಮದುವೆಗೆ ಕೊಡು ಅಂತ ಸಾಯುವಾಗ ಹೇಳಿದ್ರು."

ಅಧ್ಯಕ್ಷ ಶ್ಯಾಮಸುಂದರ್ ದೊಡ್ಡ ಎಂಜಿನಿಯರು. ನನ್ನ ಕಡೆ ತಿರುಗಿದರು.

"ಅಮ್ಮಾ, ಯಾರಾದ್ರೂ ಮಾತಾಡಿದ್ರಾ?"

"ಆಲಿವ್ ಮಾತಾಡಿದ್ಲು ಕಣಪ್ಪ."

"ಅವರು ನಿನ್ನೆಯೇ ಹೋದರಲ್ಲ."

"ಹೋಗ್ಲಿಕ್ಕೆ ಶನಿವಾರ ಉಂಟು! ಟಿಕೆಟು ನೋಡಿ ಬೇಕಾದ್ರೆ!" ಆಲಿವ್ ಟಿಕೆಟು ಚಾಚಿದಳು.

ಅಧ್ಯಕ್ಷರು ಟಿಕೆಟು ನೋಡಿದರು. ಸದರಿಯವರು ಹೋಗಿರುವುದಕ್ಕೆ ಇದೇ ಪುರಾವೆ ಎಂದು ಅದರ ಫೋಟೋ ತೆಗೆದುಕೊಂಡರು. ನಾಣ್ಯಗಳನ್ನು ಅಲ್ಲೇ ರಚನೆಯಾದ ನಾಣ್ಯ ಸಂರಕ್ಷಣಾ ಉಪಸಮಿತಿಯ ಜೇಬಿಗೆ ಹಾಕಲಾಯಿತು.

ಸಂಜೆ ನಮ್ಮ ಮನೆ ಹಾಲಿನಲ್ಲಿ ಸಭೆ. ಆಲಿವ್ ಬಾಗಿಲಲ್ಲಿ ನಿಂತಿದ್ದಳು.

"ಇದಕ್ಕೆ ನಮ್ಮ ಕಡೆ ಕಳ್ಳತನ ಅಂತಾರೆ."

"ಇಲ್ಲಿ ಉಪಸಮಿತಿ ಅಂತೀವಿ ಆಂಟಿ," ಅಂದ ನಿತೇಶ. ಚಿಕ್ಕಂದಿನಿಂದ ಅವನಿಗೆ ಇಂಜೆಕ್ಷನ್ ಚುಚ್ಚಿದವಳಲ್ಲವೇ, ಪಾಪ, ಅಭ್ಯಾಸಬಲದಿಂದ ಅವನ ಕಣ್ಣಿಗೆ ಕಂಡುಬಿಟ್ಟಳು. ಇಲ್ಲದವರ ಜೊತೆ ಮಾತಾಡಿ ಸಭೆಯ ಸಮಯ ಹಾಳು ಮಾಡಬಾರದೆಂದು ಅಧ್ಯಕ್ಷರು ಗದರಿದರು.

ನಾನು ನಡುವೆ ಬಾಯಿ ಹಾಕಿದೆ. "ಹೋದವರು ವಾಪಸ್ ಬರಬಾರದು ಅಂತ ಎಲ್ಲಾದ್ರೂ ಬರ್ಕೊಂಡಿದ್ದೀರೇನ್ರಪ್ಪಾ?" ಅಂದೆ.

ಬರೆದುಕೊಂಡಿರಲಿಲ್ಲ. ಸಭೆಗೆ ಬಹಳ ಸಂತೋಷವಾಯಿತು. ಮಾರನೇ ದಿನ ಎಲ್ಲರ ಮೊಬೈಲಿಗೂ ಬಂತು:

"ತಾಯ್ನಾಡಿಗೆ ತೆರಳಿದ್ದ ಶ್ರೀಮತಿ ಆಲಿವ್ ಅವರು ಅಪಾರ ಕನ್ನಡಾಭಿಮಾನದಿಂದ ಫರ್ವಾನಿಯಾಕ್ಕೆ ಮರಳಿರುವ ಪ್ರಯುಕ್ತ, ಶುಕ್ರವಾರ ಪುನರಾಗಮನ ಸ್ವಾಗತ ಸಮಾರಂಭವನ್ನು ಹಮ್ಮಿಕೊಳ್ಳಲಾಗಿದೆ. ಸ್ವಾಗತದ ನಂತರ ನಾಣ್ಯ ವಾಪಸಾತಿಯ ಅವರ ಅರ್ಜಿಯನ್ನೂ, ಅರ್ಜಿಯ ನಂತರ ಊಟವನ್ನೂ ತೆಗೆದುಕೊಳ್ಳಲಾಗುವುದು."

ಶುಕ್ರವಾರ ಆಲಿವ್ ಸೂಟ್‌ಕೇಸು ಎಳೆದುಕೊಂಡು ಸಮಾರಂಭದ ಹಾಲಿನ ಬಾಗಿಲಲ್ಲಿ ಬರಬೇಕಾಯಿತು. ಫೋಟೋ ಸರಿ ಬರಲಿಲ್ಲವೆಂದು ಇನ್ನೊಮ್ಮೆ ಬಂದಳು.

"ಪ್ರಯಾಣ ಸುಖಕರವಾಗಿತ್ತೇ?" ಅಧ್ಯಕ್ಷರು ಮೈಕಿನಲ್ಲಿ ಕೇಳಿದರು.

"ಲಿಫ್ಟ್ ಹಾಳಾಗಿತ್ತು."

ಚಪ್ಪಾಳೆಯೋ ಚಪ್ಪಾಳೆ. ಶಾಲು ಹೊದಿಸಿದರು. ಆಲಿವ್ ಈಗ ಕುವೈತಿನಲ್ಲಿದ್ದಳು. ಅವಳ ಅರ್ಜಿಯನ್ನು ಸಭೆ ಸರ್ವಾನುಮತದಿಂದ ಮಂಜೂರು ಮಾಡಿತು. ಅಧ್ಯಕ್ಷರು ಕೈ ಕುಲುಕಿ ಅಭಿನಂದಿಸಿ ಊಟಕ್ಕೆ ಕರೆದರು.

ಊಟ ಭರ್ಜರಿಯಾಗಿತ್ತು, ಸುಳ್ಳು ಹೇಳಬಾರದು. ಬಿರಿಯಾನಿ, ಕೋಳಿ ಸುಕ್ಕ, ತುಪ್ಪ ಜಿನುಗುವ ಮೈಸೂರುಪಾಕು. ಕೋಳಿ ಕಾಲು ಕೈಯಲ್ಲಿ ಹಿಡಿದೇ ಆಲಿವ್ ಕೇಳಿದಳು: "ಪವನು ಈಗ ಕೊಡ್ತೀರಾ, ಐಸ್‌ಕ್ರೀಮ್ ಆದ್ಮೇಲಾ?"

"ತಮಗೆ ವಿಷಯ ತಿಳಿಸಿಲ್ಲವೇ?" ಶ್ಯಾಮಸುಂದರ್ ನಿಜವಾಗಿಯೂ ನೊಂದುಕೊಂಡರು. "ಸ್ವಾಗತ ಮಾಡದೆ ನಾಣ್ಯ ಕೊಡುವಂತಿಲ್ಲ. ನಾಣ್ಯ ಮಾರದೆ ಸ್ವಾಗತಕ್ಕೆ ದುಡ್ಡಿಲ್ಲ. ಹಾಲ್ ಬಾಡಿಗೆ, ಆರ್ಕೆಸ್ಟ್ರಾ, ಅಡುಗೆ... ಖಲಾಸ್."

ಆಲಿವ್ ಕೋಳಿ ಕಾಲನ್ನು ತಿರುಗಿಸಿ ನೋಡಿದಳು. "ಹಾಗಾದ್ರೆ ಇದು ನನ್ನ ಅತ್ತೆಯ ಪವನಾ?"

"ಭಾಗಶಃ."

ಆಮೇಲೆ ಆಲಿವ್ ಎದ್ದಳು. ಅಡುಗೆಯವನಿಂದ ಬೆಳ್ಳಿ ಬಣ್ಣದ ಫಾಯಿಲ್ ಕೇಳಿ ತಂದು, ಬಿರಿಯಾನಿ, ಸುಕ್ಕ, ಮೈಸೂರುಪಾಕು ತುಂಬತೊಡಗಿದಳು. "ಲೊರೈನ್‌ಳಿಗೆ. ಅಜ್ಜಿ ಕೊಟ್ಟದ್ದು ಅಂತ ಹೇಳ್ತೇನೆ."

ಪಾರ್ಸಲ್‌ಗೆ ಅವಕಾಶವಿಲ್ಲ ಎಂದು ಖಜಾಂಚಿ ಎದ್ದು ನಿಂತರು. ಹಾಗೆಂದು ಬಳಗ ಅಷ್ಟು ಕಲ್ಲುಮನಸ್ಸಿನದಲ್ಲ. ಮಾನವೀಯ ನೆಲೆಯಲ್ಲಿ ಒಂದು ಪೊಟ್ಟಣಕ್ಕೆ ವಿಶೇಷ ಅನುಮತಿ ನೀಡುವ ನಿರ್ಣಯವನ್ನು ಅಧ್ಯಕ್ಷರೇ ಮಂಡಿಸಿದರು. ಎಲ್ಲರೂ ಎಂಜಲುಗೈಯನ್ನೇ ಎತ್ತಿ ಒಪ್ಪಿದರು, ನಾನೂ ಎತ್ತಿದೆ.

ಒಂದು ಕೈ ಕಡಿಮೆಯಿದೆ ಎಂದು ನಿತೇಶ ಮತ್ತೆ ಎಣಿಸಿದ. ಆಲಿವ್ ಪೊಟ್ಟಣವನ್ನು ಎಡಗೈಗೆ ಬದಲಾಯಿಸಿ, ಬಲಗೈ ಎತ್ತಿದಳು. ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಯಿತು.