ಬಯ್ಯುವುದನ್ನು ಬಿಟ್ಟ ಅಕ್ಕ

ಬಿಪಿ, ಶುಗರ್ ನೋಡುವ ಕೋಣೆಯಲ್ಲಿ ಕೂತವರು ನಗುವುದಕ್ಕೆ ಬೇರೆಲ್ಲೂ ಹೋಗಬೇಕಾಗಿಲ್ಲ, ನಗು ತಾನೇ ಸಾಲಿನಲ್ಲಿ ಬಂದು ನಿಲ್ಲುತ್ತದೆ. ನಾನು ಕೂಟಗಲ್ ಕಡೆಯ ಸರ್ಕಾರಿ ಆಸ್ಪತ್ರೆಯೊಂದರ ನರ್ಸ್. ನನ್ನ ಕಿಟಕಿಯಾಚೆ ಬಂಡೆ ಬೆಟ್ಟ, ಅದರ ಮೇಲೆ ಮಂಜು, ಕೆಳಗೆ ಹಿಪ್ಪುನೇರಳೆ ತೋಟ. ಆ ಕಡೆ ನೋಡುತ್ತಾ ಕೂತರೆ ಯಾರ ತೋಳಿಗೆ ಬಿಪಿ ಪಟ್ಟಿ ಸುತ್ತಿದ್ದೆ ಎನ್ನುವುದೇ ಮರೆತುಹೋಗುತ್ತದೆ. "ಕೈ ಜೋಮು ಹಿಡೀತು ಸಿಸ್ಟ್ರೇ" ಎಂದು ಅವರೇ ನನ್ನನ್ನು ಎಬ್ಬಿಸಬೇಕು.

ಇಷ್ಟರ ನಡುವೆ ಹತ್ತಿರದ ಹಳ್ಳಿಯಿಂದ ಬರುತ್ತಿದ್ದ ಒಬ್ಬ ಅಕ್ಕನ ಕಾಲಿನ ಗಾಯ ಮಾತ್ರ ನನ್ನನ್ನು ನೆಮ್ಮದಿಯಾಗಿ ನಗಲು ಬಿಡುತ್ತಿರಲಿಲ್ಲ. ಅವಳು ಶುಗರ್ ಮಾತ್ರೆ ನುಂಗುತ್ತಿರಲಿಲ್ಲ, ಯಾಕೆಂದು ಹೇಳುತ್ತಲೂ ಇರಲಿಲ್ಲ. ಹೀಗೇ ಆದರೆ ಕಾಲೇ ಹೋಗುತ್ತದೆ ಎಂದು ಹೊಸದಾಗಿ ಬಂದಿದ್ದ ಡಾಕ್ಟರು ಎಚ್ಚರಿಸಿದ್ದರು.

ಎರಡು ಪ್ರಶ್ನೆ

ಆಗಲೇ ಮೇಲಿನಿಂದ ಆದೇಶ ಬಂತು. ಶುಗರ್ ಮಾತ್ರೆಗೆ ಬಂದವರ ಮನಸ್ಸನ್ನೂ ವಿಚಾರಿಸಬೇಕು: ಬೇಜಾರಾಗುತ್ತಾ, ಯಾವುದರಲ್ಲೂ ಆಸೆ ಇಲ್ಲ ಅನ್ನಿಸುತ್ತಾ ಎಂದು. ಬೇಸರ ಹಿಡಿದವರು ಮಾತ್ರೆ ಬಿಡುತ್ತಾರೆ, ಶುಗರ್ ಏರುತ್ತದೆ, ಅದಕ್ಕೆ ಬೇಸರ ಇನ್ನೂ ಏರುತ್ತದೆ ಎಂದು ಡಾಕ್ಟರು ವಿವರಿಸಿದರು.

ಮೊದಲು ಒಬ್ಬ ಯಜಮಾನರನ್ನು ಕೇಳಿದೆ. ಅವರು ಬಾಯಿ ತೆರೆಯುವ ಮೊದಲೇ ಹೆಂಡತಿ, ಇವರಿಗೇನು ಬೇಜಾರು, ತಿಂದುಂಡು ಚೆನ್ನಾಗಿದ್ದಾರೆ ಅಂದರು. ಅವರೇ ಹೇಳಲಿ ಅಮ್ಮ ಎಂದೆ. ಯಜಮಾನರು ಹೆಂಡತಿಯ ಮುಖವನ್ನೊಮ್ಮೆ ನೋಡಿ, "ಅವಳು ಆಚೆಗೋದ್ ಮೇಲೆ ಕೇಳವ್ವ, ಎಲ್ಲಾ ಹೇಳ್ತೀನಿ" ಅಂದರು.

ಹುಳ ಹಣ್ಣಾಗುವ ವಾರ

ಒಂದು ವಾರ ಅಕ್ಕನ ಊರಿನಿಂದ ಬಂದವರೆಲ್ಲ ನಿದ್ದೆಯಿಲ್ಲ, ಊಟ ಸೇರಲ್ಲ, ಜೀವಕ್ಕೆ ನೆಮ್ಮದಿಯಿಲ್ಲ ಎಂದರು. ಇಡೀ ಊರಿಗೇ ಖಿನ್ನತೆ ಬಂದಿದೆ, ಅಲ್ಲೇ ಹೋಗಿ ಶಿಬಿರ ಮಾಡೋಣ ಎಂದು ಡಾಕ್ಟರು ಗಾಬರಿಯಾದರು. ನಾನು ಬೆಟ್ಟ ನೋಡುತ್ತಾ ತಲೆಯಾಡಿಸಿದೆ.

ಮುಂದಿನ ವಾರ ಹೋದರೆ ಊರಲ್ಲಿ ಜನವೇ ಇಲ್ಲ. ರೇಷ್ಮೆ ಹುಳ ಹಣ್ಣಾಗಿ ಗೂಡು ಕಟ್ಟುವ ಮುಂಚೆ ಹೊತ್ತುಹೊತ್ತಿಗೂ ಸೊಪ್ಪು ಹಾಕುತ್ತಾ ಯಾರೂ ಕಣ್ಣು ಮುಚ್ಚಿರಲಿಲ್ಲ, ಅಷ್ಟೆ. ಈಗ ಗೂಡು ಹೊತ್ತು ನಗುನಗುತ್ತಾ ರಾಮನಗರದ ಮಾರುಕಟ್ಟೆಗೆ ಹೋಗಿದ್ದರು. ಜಗಲಿಯ ಮೇಲೆ ಒಬ್ಬ ಅಜ್ಜ ಗೊರಕೆ ಹೊಡೆಯುತ್ತಿದ್ದರು. ಡಾಕ್ಟರು ಅವರನ್ನೇ ಎಬ್ಬಿಸಿ, ನಿದ್ದೆ ಚೆನ್ನಾಗಿ ಬರುತ್ತಾ ಎಂದು ಕೇಳಿದರು.

"ಬಂದಿತ್ತು ಸ್ವಾಮಿ, ನೀವು ಬಂದ್ರಿ" ಅಂದರು ಅಜ್ಜ.

ಓರಗಿತ್ತಿಯ ದೂರು

ಅಕ್ಕನನ್ನು ಎಷ್ಟು ಸಲ ಕೇಳಿದರೂ "ಚೆನ್ನಾಗಿವ್ನಿ ಕಣವ್ವ" ಎಂದು ನೆಲ ನೋಡುತ್ತಿದ್ದಳು. ಒಂದು ದಿನ ಅವಳನ್ನು ಕರೆತಂದಿದ್ದ ಓರಗಿತ್ತಿ, ಅಂದರೆ ಅವಳ ಮೈದುನನ ಹೆಂಡತಿ, ತಡೆಯಲಾರದೆ ಹೇಳಿಬಿಟ್ಟಳು:

"ಸುಳ್ಳು ಸಿಸ್ಟ್ರೇ. ಅಕ್ಕ ನನ್ನ ಬಯ್ಯೋದೇ ಬುಟ್ಬುಟ್ಟವ್ಳೆ."

ಇಬ್ಬರದೂ ಅಕ್ಕಪಕ್ಕದ ಮನೆ. ಮದುವೆಯಾಗಿ ಬಂದಾಗಿನಿಂದ ನೀರಿಗೆ, ಕೋಳಿಗೆ, ಕಸಕ್ಕೆ ದಿನಾ ಅಕ್ಕನಿಂದ ಬೈಸಿಕೊಂಡು, ತಿರುಗಿ ಬೈದು ರೂಢಿಯಾದವಳು ಈ ಓರಗಿತ್ತಿ. ಈಗ ಬೇಕೆಂದೇ ಕಸವನ್ನು ಅಕ್ಕನ ಬಾಗಿಲಿಗೆ ಗುಡಿಸಿದರೂ ಅವಳು ತುಟಿ ಬಿಚ್ಚುತ್ತಿಲ್ಲವಂತೆ. ಹೇಳುತ್ತಾ ಹೇಳುತ್ತಾ ಅತ್ತಳು.

ಅಕ್ಕ ನಿಧಾನವಾಗಿ ತಲೆಯೆತ್ತಿ, "ಕಸ ನೀನಾ ಹಾಕ್ತಿದ್ದದ್ದು?" ಅಂದಳು. ಅಷ್ಟೇ, ಮತ್ತೆ ನೆಲ ನೋಡಿದಳು.

ಹೊಸ ಮಾತ್ರೆ

ಅವತ್ತು ಡಾಕ್ಟರು ಅಕ್ಕನೊಡನೆ ಬಹಳ ಹೊತ್ತು ಮಾತಾಡಿದರು. ಶುಗರ್ ಮಾತ್ರೆಯ ಜೊತೆಗೇ ಮನಸ್ಸಿನ ಮಾತ್ರೆಯನ್ನೂ ಬರೆದು, ಎರಡನ್ನೂ ಎದುರು ನಿಂತು ನುಂಗಿಸುವ ಕೆಲಸವನ್ನು ಓರಗಿತ್ತಿಗೆ ಒಪ್ಪಿಸಿದರು. ವಾರಗಳು ಕಳೆದವು. ಗಾಯ ಅಂಚಿನಲ್ಲಿ ಸ್ವಲ್ಪ ಒಣಗಿತು, ಬೈಗುಳ ಮಾತ್ರ ಬರಲಿಲ್ಲ.

ಒಂದು ಬೆಳಿಗ್ಗೆ ಬೆಟ್ಟವೇ ಕರಗಿಹೋದ ಹಾಗೆ ಮಂಜು ಕವಿದಿತ್ತು. ಆ ಬಿಳುಪಿನೊಳಗಿಂದ ಓರಗಿತ್ತಿ ಒಬ್ಬಳೇ ಕಣ್ಣೊರೆಸಿಕೊಳ್ಳುತ್ತಾ ಬಂದಳು. ಅಕ್ಕ ಎಲ್ಲಿ ಎಂದು ಕೇಳುತ್ತಾ ಕುರ್ಚಿಯಿಂದ ಎದ್ದೇಬಿಟ್ಟೆ.

ಅವಳು ಬೆಂಚಿನ ಮೇಲೆ ಕೂತು ಸುಧಾರಿಸಿಕೊಂಡು ಹೇಳಿದಳು. ಬೆಳಗಾಗುತ್ತಲೇ ಇವಳ ಕೋಳಿ ಹೋಗಿ ಅಕ್ಕನ ಸೊಪ್ಪಿನ ಮಂಕರಿಯಲ್ಲಿ ಕೂತಿತ್ತಂತೆ. ಅಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಹೊರಗೆ ಬಂದವಳೇ, ಕೋಳಿಯಿಂದ ಶುರು ಮಾಡಿ ಇವಳ ತವರಿನವರೆಗೂ ಯಾರನ್ನೂ ಬಿಡದೆ ಬೈದಳಂತೆ. ಬೀದಿಯವರೆಲ್ಲ ಕೆಲಸ ಬಿಟ್ಟು ನಿಂತು ಕೇಳಿದರಂತೆ. ನನಗೂ ಅಳು ಬಂತು, ಇಬ್ಬರೂ ಅಳುತ್ತಲೇ ನಕ್ಕೆವು. ಮಾತ್ರೆ ಮಾತ್ರ ನಿಲ್ಲಿಸಬಾರದು ಎಂದು ಹೇಳಿದೆ.

ಅವಳು ಎದ್ದಳು, ಆದರೆ ಹೋಗಲಿಲ್ಲ. ಮುಖ ಒರೆಸಿಕೊಂಡು ನನ್ನ ಮೇಜಿನತ್ತ ಬಾಗಿ, ಯಾರಿಗೂ ಕೇಳದ ಹಾಗೆ ಅಂದಳು:

"ಆ ಮಾತ್ರೆ ನಂಗೂ ಒಸಿ ಕೊಡಿ ಸಿಸ್ಟ್ರೇ. ಅವಳೊಬ್ಬಳಿಗೇ ಕೊಟ್ಟು ಜಗಳಕ್ ಬುಟ್ರೆ ನಾನೆಂಗ್ ಗೆಲ್ಲಾದು?"