ನಾನು, ಅಮೆರಿಕದ ಅಧ್ಯಕ್ಷರು ಮತ್ತು ಏಳು ಪಾತ್ರೆ ಪುಳಿಯೋಗರೆ

ದೂರದ ದೇಶದ ಸರ್ವಾಧಿಕಾರವನ್ನು ವಿರೋಧಿಸುವಷ್ಟು ಆರೋಗ್ಯಕರವಾದ ಹವ್ಯಾಸ ಇನ್ನೊಂದಿಲ್ಲ ಎಂಬುದು ನನ್ನ ಅನುಭವ. ಮೈಕೈ ನೋವಿಲ್ಲ, ಯಾರೂ ಬಂದು ಹಿಡಿದುಕೊಂಡು ಹೋಗುವುದಿಲ್ಲ, ಊಟವಾದ ಮೇಲೆ ಮಾಡಿದರೆ ಜೀರ್ಣಕ್ಕೂ ಒಳ್ಳೆಯದು. ನಾನಿರುವುದು ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ತಲೆಯ ಮೇಲಿರುವ ನೆಲ್ಸನ್ ಎಂಬ ಸಣ್ಣ ಊರಿನಲ್ಲಿ. ಇಲ್ಲಿ ಕೂತು ಆಡಿದ ಮಾತು ಅಮೆರಿಕದ ಅಧ್ಯಕ್ಷರ ಕಿವಿಗೆ ಬೀಳುವ ಸಂಭವವಿಲ್ಲವಾದ್ದರಿಂದ ನಾನು ಅವರನ್ನು ಬಹಳ ನಿರ್ಭೀತಿಯಿಂದ ಟೀಕಿಸುತ್ತೇನೆ. ಅಲ್ಲಿ ನನಗೆ ಓಟಿಲ್ಲ. ಹೇಳಿಕೊಳ್ಳುವಂಥ ನೆಂಟರೂ ಇಲ್ಲ. ಆದರೆ ಇಲ್ಲಿಯದನ್ನು ಚರ್ಚಿಸೋಣವೆಂದರೆ ಈ ದೇಶಕ್ಕೆ ಅಧ್ಯಕ್ಷರೇ ಇಲ್ಲ, ರಾಜ್ಯಗಳೂ ಇಲ್ಲ, ಹಾಗಾಗಿ ಕೇಂದ್ರಕ್ಕೂ ರಾಜ್ಯಕ್ಕೂ ಜಗಳವೂ ಇಲ್ಲ. ಇಂಥ ಬರಗಾಲದಲ್ಲಿ ಬುದ್ಧಿ ಇರುವ ಮನುಷ್ಯ ಮಾಡುವುದಾದರೂ ಏನು? ಪಕ್ಕದ ಮನೆಯ ನ್ಯೂಜಿಲೆಂಡಿನ ಅಜ್ಜನಿಗೆ ಒಮ್ಮೆ ಬೇಲಿಯ ಮೇಲಿಂದ ಅಧಿಕಾರ ವಿಭಜನೆಯ ಬಗ್ಗೆ ಅರ್ಧ ಗಂಟೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಆತ, ನಾಳೆ ಕಸದ ಗಾಡಿಗೆ ಇಡಬೇಕಾದ್ದು ಹಳದಿ ಬಿನ್ನೋ ಹಸಿರು ಬಿನ್ನೋ ಎಂದು ವಿಚಾರಿಸಿದ. ಅಂದಿನಿಂದ ನಾನು ಚರ್ಚೆಯನ್ನು ಕನ್ನಡದವರಿಗೇ ಮೀಸಲಿಟ್ಟಿದ್ದೇನೆ.

ನಮ್ಮೂರಿನಲ್ಲಿ ಕನ್ನಡದ ಮನೆಗಳು ಹನ್ನೊಂದು. ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಒಂದು ಬಾಡಿಗೆ ಹಾಲ್‌ನಲ್ಲಿ ಸೇರುತ್ತೇವೆ. ಪ್ರತಿ ಮನೆಯವರೂ ಒಂದೊಂದು ಅಡುಗೆ ಮಾಡಿ ತರಬೇಕು. ಏನು ತರಬೇಕೆಂಬುದು ಅವರವರ ಇಷ್ಟ. ಈ ಸ್ವಾತಂತ್ರ್ಯ ಬಹಳ ವರ್ಷ ಚೆನ್ನಾಗಿಯೇ ನಡೆದಿತ್ತು. ಎರಡು ವರ್ಷದ ಹಿಂದೆ ಒಂದು ಭಾನುವಾರ ಪಾತ್ರೆಗಳ ಮುಚ್ಚಳ ತೆಗೆದು ನೋಡಿದರೆ ಏಳು ಮನೆಯವರು ಪುಳಿಯೋಗರೆ ತಂದಿದ್ದರು. ಏಳೂ ಮನೆಯ ಗೊಜ್ಜು ತವರಿನಿಂದಲೇ ಬಂದದ್ದು, ಏಳು ಜನ ಗೃಹಿಣಿಯರೂ ಮಿಕ್ಕ ಆರು ಪಾತ್ರೆಗಳ ಬಗ್ಗೆ ಮೌನವಾಗಿ ತೀರ್ಪು ಕೊಡುತ್ತಾ ನಿಂತಿದ್ದರು. ಮಕ್ಕಳು ಪಿಜ್ಜಾ ಎಂದು ಅಳತೊಡಗಿದವು. ಅದೊಂದು ತುರ್ತು ಪರಿಸ್ಥಿತಿ. ಇಂಥ ಹೊತ್ತಿನಲ್ಲಿ ಯಾರಾದರೂ ಮುಂದೆ ಬರಲೇಬೇಕಲ್ಲ? ನಾನು ಬಂದೆ. ಇನ್ನು ಮೇಲೆ ಯಾರು ಏನು ತರಬೇಕೆಂದು ನಿರ್ಧರಿಸುವ ಸಂಚಾಲಕನೊಬ್ಬ ಇರಲಿ, ವರ್ಷಕ್ಕೊಂದು ಮನೆಯವರು ಆಗಲಿ, ಮೊದಲ ವರ್ಷ ನಾನೇ ಆ ಭಾರ ಹೊರುತ್ತೇನೆ ಎಂದೆ. ಎಲ್ಲರೂ ಒಪ್ಪಿದರು. ಎರಡನೆಯ ವರ್ಷ, ಕೈ ಹಾಕಿದ ಸುಧಾರಣೆಗಳು ಅರ್ಧಕ್ಕೆ ನಿಂತಿವೆ ಎಂದು ಹೇಳಿ ನಾನೇ ಮುಂದುವರಿದೆ. ಈಗ ಮೂರನೆಯ ವರ್ಷ ಹತ್ತಿರ ಬಂದಿತ್ತು, ನನಗೆ ಒಳಗೊಳಗೇ ಹೆದರಿಕೆಯಾಗತೊಡಗಿತ್ತು.

ಹೆದರಿಕೆ ಯಾಕೆಂದು ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತೇನೆ. ಬಂದರಿನ ಆಫೀಸೊಂದರಲ್ಲಿ ಹಡಗುಗಳ ವೇಳಾಪಟ್ಟಿ ಮಾಡುವುದು ನನ್ನ ಉದ್ಯೋಗ. ನಾನು ಮಂಗಳವಾರ ಎಂದು ಬರೆದ ಹಡಗು ಗುರುವಾರ ಬರುತ್ತದೆ. ಗುರುವಾರ ಎಂದು ತಿದ್ದಿದರೆ ಬುಧವಾರವೇ ಬಂದು ನಿಂತು ಕೂಗುತ್ತದೆ. ಮನೆಯನ್ನು ಬೆಚ್ಚಗಿಡುವ ಹೀಟ್ ಪಂಪಿನ ರಿಮೋಟು ನನ್ನ ಹೆಂಡತಿ ಸುಮಾಳ ಕೈಯಲ್ಲಿದೆ. ಹದಿನಾಲ್ಕು ವರ್ಷದ ಮಗಳು ಅನಘಾ ನಾನು ಕನ್ನಡದಲ್ಲಿ ಹೇಳಿದ್ದನ್ನೆಲ್ಲಾ ಅರ್ಥ ಮಾಡಿಕೊಂಡು, ಇಂಗ್ಲಿಷಿನಲ್ಲಿ ತಿರಸ್ಕರಿಸುತ್ತಾಳೆ. ಈ ಪ್ರಪಂಚದಲ್ಲಿ ನಾನು ಕೋಸಂಬರಿ ಎಂದರೆ ಕೋಸಂಬರಿಯೇ ಆಗಿ ಬರುತ್ತಿದ್ದ ಜಾಗ ಆ ಭಾನುವಾರದ ಮೇಜೊಂದೇ. ಅದೂ ಹೋದರೆ ನಾನು ಬರೀ ಸುಮಾಳ ಗಂಡ, ಅಷ್ಟೆ.

ಹಾಗೆಂದು ನಾನು ಅಧಿಕಾರವನ್ನು ದುರುಪಯೋಗ ಮಾಡಿದೆನೆಂದು ಯಾರೂ ತಿಳಿಯಬಾರದು. ಮೊದಲು ಪಟ್ಟಿ ಮಾತ್ರ ಇತ್ತು. ಆಮೇಲೆ ಜನರ ಹಿತಕ್ಕಾಗಿ ಪಾತ್ರೆಯ ಅಳತೆ ಗೊತ್ತುಮಾಡಿದೆ. ಹುಳಿಗೆ ಬದನೆಕಾಯಿ ಹಾಕುವುದನ್ನು ನಿಷೇಧಿಸಿದೆ. ನನಗೆ ಬದನೆಕಾಯಿ ತಿಂದರೆ ಮೈ ಕೆರೆಯುತ್ತದೆ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ಹನ್ನೆರಡೂವರೆಯ ನಂತರ ಬಂದ ಪಾಯಸವನ್ನು ಮೇಜಿನ ತುದಿಯಲ್ಲಿಡಬೇಕೆಂದು ಆಜ್ಞೆ ಹೊರಡಿಸಿದೆ. ಇದನ್ನೆಲ್ಲಾ ವಾಟ್ಸ್ಆಪಿನಲ್ಲಿ ನಂಬರು ಹಾಕಿ ಕಳಿಸುತ್ತಿದ್ದೆ. ಹೆಬ್ಬೆರಳಿನ ಚಿತ್ರ ಹಾಕಿದವರು ಒಪ್ಪಿದರು ಎಂದುಕೊಳ್ಳುತ್ತಿದ್ದೆ, ಹಾಕದವರು ಇನ್ನೂ ಗಾಢವಾಗಿ ಒಪ್ಪಿದರು ಎಂದುಕೊಳ್ಳುತ್ತಿದ್ದೆ.

ಊಟವಾದ ಮೇಲೆ ಕುರ್ಚಿಗಳನ್ನು ದುಂಡಗೆ ಹಾಕಿಕೊಂಡು ಅಮೆರಿಕದ ಚರ್ಚೆ. ಅಧ್ಯಕ್ಷರು ಒಂದು ಸಹಿಯಿಂದ ಏನೇನು ಮಾಡಬಹುದು, ರಾಜ್ಯ ಬೇಡವೆಂದರೂ ಸೈನಿಕರನ್ನು ಕಳಿಸಬಹುದೇ, ಕೋರ್ಟು ತಡೆದರೆ ಯಾರ ಮಾತು ನಡೆಯಬೇಕು, ಎಲ್ಲವನ್ನೂ ನಾವು ಕಾಫಿ ಆರುವುದರೊಳಗೆ ಇತ್ಯರ್ಥ ಮಾಡುತ್ತಿದ್ದೆವು. ಅಧ್ಯಕ್ಷರ ಪರ ಮಾತಾಡುವವನು ಜಯರಾಮ ಒಬ್ಬನೇ. ಮಂಡ್ಯದವನು, ಸೇಬಿನ ಪ್ಯಾಕಿಂಗ್ ಶೆಡ್ಡಿನಲ್ಲಿ ಸೂಪರ್‌ವೈಸರು, ಹಿಂದೆ ಸಾಮಾನು ತುಂಬುವ, ಇಲ್ಲಿ ಯೂಟ್ ಎನ್ನುವ ದೊಡ್ಡದೊಂದು ಗಾಡಿಯಲ್ಲಿ ಬರುತ್ತಾನೆ. "ಸಾ, ಹತ್ ಜನ ಹತ್ ಕಡೆ ಎಳೆದ್ರೆ ಯಾವ್ ಕೆಲ್ಸ ಆಯ್ತದೆ ಹೇಳಿ? ಗಟ್ಟಿಯಾಗಿ ಹೇಳೋನು ಒಬ್ಬ ಇರ್ಬೇಕು, ಮಿಕ್ಕೋರು ಕೇಳ್ಬೇಕು" ಎನ್ನುವುದು ಅವನ ರಾಜ್ಯಶಾಸ್ತ್ರ. ಎರಡು ವರ್ಷ ನಾನು ಅವನನ್ನು ಹಿಡಿದು ಜಾಡಿಸಿದ್ದೇನೆ. ಇಂಥ ತಿಳಿಗೇಡಿಗಳಿಂದಲೇ ದೇಶಗಳು ಹಾಳಾಗುವುದು ಎಂದು ಸುಮಾಳ ಹತ್ತಿರ ಪ್ರತಿ ಸಲ ಕಾರಿನಲ್ಲಿ ಹೇಳಿದ್ದೇನೆ.

ನನ್ನ ಅವಧಿ ಮುಗಿಯುವ ಭಾನುವಾರ ಬಂತು. ಆ ತಿಂಗಳ ಆಜ್ಞಾಪತ್ರದಲ್ಲಿ ಹದಿನಾರು ಅಂಶಗಳಿದ್ದವು. ಹೊಸ ಸಂಚಾಲಕರ ಆಯ್ಕೆ ಎಂಬುದು ಮಾತ್ರ ಹೇಗೋ ಬಿಟ್ಟುಹೋಗಿತ್ತು. ನಾನು ಬೇಗನೆ ಹೋಗಿ ಬಾಗಿಲಲ್ಲಿ ಪಟ್ಟಿ ಹಿಡಿದು ನಿಂತೆ. ವಿಜಯಪುರದ ಶಬಾನಾ ಬಂದರು. ಇಲ್ಲಿನ ವೃದ್ಧಾಶ್ರಮದಲ್ಲಿ ನರ್ಸು, ಬಹಳ ನಗುಮುಖದವರು. ಅವರಿಗೆ ನಾನು ಕೊಟ್ಟಿದ್ದು ಮೊಸರನ್ನ. ಅವರ ಕೈಯಲ್ಲಿದ್ದುದು ಜೋಳದ ರೊಟ್ಟಿಯ ಬುಟ್ಟಿ ಮತ್ತು ಎಣ್ಣೆಗಾಯಿ.

"ಮೇಡಂ, ಪಟ್ಟಿಯಲ್ಲಿ ನಿಮಗೆ ಮೊಸರನ್ನ ಅಂತಿದೆ" ಎಂದೆ.

"ನೋಡೇನ್ರೀ ಸರ. ನಮ್ಮ ಮನ್ಯಾಗ ಮೊಸರನ್ನ ಆರಾಮಿಲ್ಲದವ್ರಿಗೆ ಮಾಡ್ತಾರ್ರೀ. ಎರಡು ವರ್ಷ ಅದನ್ನ ತಂದೇನಿ. ಇವತ್ತ ನಮ್ಮಮ್ಮನ ನೆನಪಾತು, ರೊಟ್ಟಿ ಬಡದೆ."

ಅಷ್ಟು ಕೇಳಿದ ಮೇಲೆ ಯಾವ ಮನುಷ್ಯನಾದರೂ ದಾರಿ ಬಿಡುತ್ತಿದ್ದ. ನಾನು ಸಂಚಾಲಕ. ಒಬ್ಬರಿಗೆ ಬಿಟ್ಟರೆ ನಾಳೆ ಮತ್ತೆ ಏಳು ಪುಳಿಯೋಗರೆ ಎಂದು ವ್ಯವಸ್ಥೆಯ ಬಗ್ಗೆ ನಾಲ್ಕು ಮಾತಾಡಿ, ಬುಟ್ಟಿಯನ್ನೂ ಎಣ್ಣೆಗಾಯಿಯನ್ನೂ ಒಳಗಿನ ಅಡುಗೆಮನೆಯ ಕಪಾಟಿನಲ್ಲಿಟ್ಟು ಬಾಗಿಲು ಹಾಕಿ ಬಂದೆ. ಸುಮಾ ಇದನ್ನು ನೋಡಿದಳು. ಹೋಗಿ ಶಬಾನಾ ಪಕ್ಕದ ಕುರ್ಚಿಯಲ್ಲಿ ಕೂತಳು. ಮದುವೆಯಾಗಿ ಹದಿನೇಳು ವರ್ಷವಾದ ಗಂಡಸಿಗೆ ಇದರ ಅರ್ಥ ಗೊತ್ತಾಗಬೇಕಿತ್ತು.

ಊಟವಾಯಿತು. ಮಜ್ಜಿಗೆಯಲ್ಲೇ ಮುಗಿಸಬೇಕಾಯಿತು, ಮೊಸರನ್ನ ಇರಲಿಲ್ಲ. ಚರ್ಚೆ ಶುರುವಾಯಿತು. ಅಮೆರಿಕದಲ್ಲಿ ಒಬ್ಬರು ಮೂರನೆಯ ಸಲ ಅಧ್ಯಕ್ಷರಾಗಬಹುದೇ ಎಂಬ ಮಾತು ಯಾರೋ ಎತ್ತಿದರು. ನನಗೆ ಅಂದು ಮಾತು ಉಕ್ಕಿ ಬಂತು. ಎದ್ದು ನಿಂತುಬಿಟ್ಟೆ. ಅಧಿಕಾರಕ್ಕೆ ಗಡಿ ಇರಬೇಕು ಎಂದೆ. ಕೇಂದ್ರದಲ್ಲಿ ಕೂತವನು ಪ್ರತಿ ರಾಜ್ಯದ ಒಲೆಯ ಮೇಲೂ ಕೈ ಹಾಕಬಾರದು ಎಂದೆ. ತಾನಿಲ್ಲದಿದ್ದರೆ ಎಲ್ಲಾ ಕುಸಿದುಬೀಳುತ್ತದೆ ಎನ್ನುವವನನ್ನೇ ಮೊದಲು ಕೆಳಗಿಳಿಸಬೇಕು ಎಂದೆ. ಚಪ್ಪಾಳೆ ಬಿತ್ತು. ಎರಡು ವರ್ಷದಲ್ಲಿ ನನಗೆ ಅಷ್ಟು ಜೋರಾದ ಚಪ್ಪಾಳೆ ಬಿದ್ದಿರಲಿಲ್ಲ. ನಾನು ಕೈ ಮುಗಿದು ಕೂತುಕೊಳ್ಳುವಷ್ಟರಲ್ಲಿ ಶಬಾನಾ, "ಭಾಳ ಚಲೋ ಹೇಳಿದ್ರಿ ಸರ. ಹಂಗಾದ್ರ ಮುಂದಿನ ತಿಂಗಳಿಂದ ಸಂಚಾಲಕರು ಯಾರ್ರೀ?" ಎಂದರು.

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಗಂಟಲು ಸರಿಮಾಡಿಕೊಂಡು, ಅಮೆರಿಕದ ಪರಿಸ್ಥಿತಿಯೇ ಬೇರೆ, ನಮ್ಮದೇ ಬೇರೆ ಎಂದು ವಿವರಿಸತೊಡಗಿದೆ. ಅದು ದೊಡ್ಡ ದೇಶ, ಅಲ್ಲಿ ಬೇರೆ ಜನ ಸಿಗುತ್ತಾರೆ. ಇಲ್ಲಿ ಅನುಭವ ಮುಖ್ಯ. ಸುಧಾರಣೆಗಳು ಇನ್ನೂ ಅರ್ಧದಲ್ಲಿವೆ. ಚಳಿಗಾಲ ಬೇರೆ ಹತ್ತಿರ ಬರುತ್ತಿದೆ.

"ಡ್ಯಾಡ್, ದಟ್ಸ್ ಲಿಟರಲಿ ವಾಟ್ ದೇ ಆಲ್ ಸೇ" ಎಂದು ಅನಘಾ ಮೂಲೆಯಲ್ಲಿ ಕೂತು ಫೋನಿನಿಂದ ತಲೆ ಎತ್ತದೆ ಹೇಳಿದಳು. ಮಕ್ಕಳಿಗೆ ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವುದನ್ನು ನಿಲ್ಲಿಸಬೇಕು.

ಯಾರೋ ಶಬಾನಾ ಅವರ ಹೆಸರನ್ನೇ ಸೂಚಿಸಿದರು, ಕೈ ಎತ್ತಿ ಓಟು ಹಾಕೋಣವೆಂದಾಯಿತು. ಮನೆಗೊಂದು ಓಟು, ಒಂದು ಕಡೆ ಶಬಾನಾ, ಇನ್ನೊಂದು ಕಡೆ ನಾನು. ಶಬಾನಾ ಪರ ಯಾರು ಎಂದಾಗ ಪುಳಿಯೋಗರೆಯ ಏಳು ಮನೆಗಳೂ ಒಟ್ಟಿಗೆ ಕೈ ಎತ್ತಿದವು. ಅವರನ್ನು ಒಗ್ಗೂಡಿಸಿದ ಕೀರ್ತಿಯಾದರೂ ನನಗೆ ಸಲ್ಲಬೇಕು. ಎಂಟನೆಯದು ಶಬಾನಾ ಅವರದೇ. ಒಂಬತ್ತನೆಯ ಕೈ ಆಕ್ಲೆಂಡಿನ ಫ್ಲ್ಯಾಟ್ ಬುಷ್ ಬಡಾವಣೆಯಿಂದ ಹೋದ ತಿಂಗಳು ಬಂದು ಸೇರಿದ ಹೊಸ ಸಂಸಾರದ್ದು. ಅವರಿಗೆ ನಾನು ಇನ್ನೂ ಏನೂ ಅನ್ಯಾಯ ಮಾಡಿರಲಿಲ್ಲ, ಪೇಪರ್ ಪ್ಲೇಟು ತರಲು ಹೇಳಿದ್ದೆ ಅಷ್ಟೆ. ಹತ್ತನೆಯ ಕೈಯಲ್ಲಿ ಎರಡು ಹಸಿರು ಬಳೆಗಳಿದ್ದವು. ಅವನ್ನು ಕೊಡಿಸಿದವನು ನಾನೇ.

"ಸುಮಾ, ಅದು ನಮ್ಮನೆ ಓಟು" ಎಂದೆ ಮೆಲ್ಲಗೆ.

"ಹೌದು, ಹಾಕಿ ಆಯ್ತಲ್ಲ" ಎಂದಳು. "ಆ ರೊಟ್ಟಿ ಬುಟ್ಟಿ ಕಪಾಟಿನಿಂದ ತೆಗೆದುಕೊಂಡು ಬನ್ನಿ. ಅವರು ಬೆಳಿಗ್ಗೆ ಐದಕ್ಕೆ ಎದ್ದು ಮಾಡಿದ್ದಾರೆ."

ನಾಚಿಕೆಯಾಯಿತು. ನಿಜವಾಗಿ ಆಯಿತು, ಹೊಟ್ಟೆಯೂ ಉರಿಯಿತು, ಎರಡೂ ಒಟ್ಟಿಗೆ. ಬುಟ್ಟಿಯನ್ನೂ ಎಣ್ಣೆಗಾಯಿಯನ್ನೂ ತಂದಿಟ್ಟೆ, ಹಾಲ್‌ನ ಬೀಗದ ಕೈಯನ್ನು ಶಬಾನಾ ಅವರಿಗೆ ಕೊಟ್ಟೆ. ಅವರು ಅದನ್ನು ಪರ್ಸಿಗೆ ಹಾಕಿಕೊಂಡು ಮೊದಲ ರೊಟ್ಟಿಯನ್ನು ನನ್ನ ತಟ್ಟೆಗೇ ಹಾಕಿದರು. ಎಣ್ಣೆಗಾಯಿ ಬದನೆಕಾಯಿಯದಾದ್ದರಿಂದ ನನಗೆಂದೇ ಬುಟ್ಟಿಯೊಳಗೆ ಪ್ರತ್ಯೇಕವಾಗಿ ತಂದಿದ್ದ ಶೇಂಗಾ ಚಟ್ನಿ ಹಾಕಿದರು. ಎಂಥ ಒಳ್ಳೆಯ ಹೆಂಗಸು, ಸೋತವನಿಗೆ ಬೈಯುವುದಕ್ಕೂ ಅವಕಾಶ ಕೊಡಲಿಲ್ಲ.

ನನ್ನ ಪರ ಯಾರು ಎಂದು ಶಾಸ್ತ್ರಕ್ಕೆ ಕೇಳಿದಾಗ ಒಂದೇ ಒಂದು ಕೈ ಮೇಲೆದ್ದಿತ್ತು. ಜಯರಾಮ. "ನೀವು ಇರ್ಬೇಕಿತ್ತು ಸಾ. ಈ ಜನಕ್ಕೆ ನಿಮ್ಮಂಥೋರೇ ಸರಿ" ಎಂದು ಹೊರಡುವಾಗ ಯೂಟಿನ ಕಿಟಕಿಯಿಂದ ಕೈ ಹಿಡಿದು ಕುಲುಕಿದ.

ಮನೆಗೆ ಬರುವಾಗ ಕಾರಿನಲ್ಲಿ ನಾನು ಹೇಳಿದೆ: "ನೋಡು ಸುಮಾ, ಏನೇ ಅನ್ನು, ಈ ಹನ್ನೊಂದು ಮನೆಯಲ್ಲಿ ರಾಜಕೀಯ ಅಂದರೆ ಏನು ಅಂತ ಸರಿಯಾಗಿ ತಿಳಿದುಕೊಂಡಿರೋನು ಆ ಜಯರಾಮ ಒಬ್ಬನೇ."